ಭೂಕಂಪವಾ, ಬೆಟ್ಟದ್ದಾ?

ಅಟ್ಟದ ಮೇಲಿನ ಪಾತ್ರೆ ಗಡಗಡ ಅಂದರೆ ಬೇರೆ ಊರಿನವರು ‘ಭೂಕಂಪವಾ?’ ಅಂತ ಕೇಳುತ್ತಾರೆ. ಪಾಂಡವಪುರದ ಕಡೆ ಕೇಳುವುದು ‘ಬೆಟ್ಟದ್ದಾ?’ ಅಂತ. ಬೆಟ್ಟ ಅಂದರೆ ಬೇಬಿ ಬೆಟ್ಟ, ಕಲ್ಲು ಕ್ವಾರಿಗಳ ಜಾಗ. ಕನ್ನಂಬಾಡಿ ಕಟ್ಟೆ, ಅಂದರೆ ಕೆಆರ್‌ಎಸ್, ಅಲ್ಲಿಂದ ತುಂಬಾ ದೂರವಿಲ್ಲ, ಹಾಗಾಗಿ ಇದು ಸುಮ್ನೆ ಕೇಳಿ ಬಿಡುವ ಪ್ರಶ್ನೆಯಲ್ಲ. ಉತ್ತರ ಹೇಳುವ ಯಂತ್ರಗಳು ಯಾವಾಗ, ಯಾಕೆ ಬಂದವು ಅಂತ ಹುಡುಕಿಕೊಂಡು ಹೋದರೆ ಕಥೆ ಅಸ್ಸಾಮಿಗೆ ಹೋಗಿ, ಗೌರಿಬಿದನೂರು ಸುತ್ತಿ, ವಾಪಸ್ ಕೆಆರ್‌ಎಸ್‌ಗೇ ಬರುತ್ತದೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ಶುರುವಾದದ್ದು 1851ರಲ್ಲಿ. ಆದರೆ 1897ರ ಜೂನ್ 12ರಂದು ಅಸ್ಸಾಮಿನಲ್ಲಿ ಭಾರೀ ಭೂಕಂಪವಾದಾಗ ಇಲಾಖೆಯ ಆರ್.ಡಿ. ಓಲ್ಡ್‌ಹ್ಯಾಮ್ ಮತ್ತವರ ಜೊತೆಯವರು ಬಿದ್ದ ಗೋಡೆ, ಬಿರಿದ ನೆಲ, ಜನರ ಮಾತು ಇದನ್ನೆಲ್ಲ ಕೂಡಿಸಿಯೇ ವರದಿ ಬರೆಯಬೇಕಾಯಿತು. ಮಾರನೇ ವರ್ಷ ಕಲ್ಕತ್ತೆಯ ಅಲಿಪುರದಲ್ಲಿ ದೇಶದ ಮೊದಲ ಭೂಕಂಪ ಮಾಪನ ಕೇಂದ್ರ ಬಂತು. ಆಮೇಲೆ ಕೊಡೈಕನಾಲ್‌ಗೂ ಒಂದು ಯಂತ್ರ ಬಂತು. ಮೊದಲು ಅನಾಹುತ, ಆಮೇಲೆ ಯಂತ್ರ. ಈ ಲೆಕ್ಕ ಮುಂದಿನ ನೂರು ವರ್ಷವೂ ಬದಲಾಗಲಿಲ್ಲ.

ಕನ್ನಂಬಾಡಿ ಕಟ್ಟೆ ಕೆಲಸ ಶುರುವಾದದ್ದು 1911ರಲ್ಲಿ. ಕಲ್ಲು ಮತ್ತು ಸುರ್ಕಿ ಗಾರೆಯಲ್ಲಿ ಕಟ್ಟಿದ್ದು. ಅಷ್ಟು ನೀರನ್ನು ಒಂದೇ ಕಡೆ ನಿಲ್ಲಿಸಿದರೆ ಆ ನೀರೇ ನೆಲವನ್ನು ಅಲುಗಿಸಬಹುದು ಅನ್ನೋ ಮಾತು ಆಗ ಯಾರ ತಲೆಯಲ್ಲೂ ಇದ್ದಿರಲಾರದು. ಅದನ್ನು ಇಡೀ ದೇಶಕ್ಕೆ ಕಲಿಸಿದ್ದು ಮಹಾರಾಷ್ಟ್ರದ ಕೊಯ್ನಾ. ಅಲ್ಲಿ ಅರವತ್ತರ ದಶಕದ ಶುರುವಿನಲ್ಲಿ ಅಣೆಕಟ್ಟೆ ತುಂಬಿಸಲು ಹೊರಟ ಮೇಲೆ ಸಣ್ಣ ಸಣ್ಣ ಕಂಪನ ಜಾಸ್ತಿಯಾದವು. 1967ರ ಡಿಸೆಂಬರ್ 11ರ ಬೆಳಗಿನ ಜಾವ ದೊಡ್ಡದೇ ಬಂತು, 6ಕ್ಕಿಂತ ಹೆಚ್ಚು ತೀವ್ರತೆಯದ್ದು. 180ರಷ್ಟು ಜನ ಸತ್ತರು. ನೀರು ಬಂಡೆಯ ಬಿರುಕುಗಳಿಗೆ ಇಳಿದು, ಒತ್ತಡ ಹೆಚ್ಚಿಸಿ, ಮೊದಲೇ ಜಾರಲು ತಯಾರಾಗಿದ್ದ ಬಂಡೆಯನ್ನು ಜಾರಿಸಿಬಿಡುತ್ತದೆ. ಅಣೆಕಟ್ಟೆ ಪಕ್ಕ ಭೂಕಂಪ ಮಾಪಕ ಯಾಕೆ ಬೇಕು ಅಂತ ಕೇಳಿದರೆ ಇವತ್ತಿಗೂ ಮೊದಲು ಬರುವ ಹೆಸರು ಇದೇ. ಕೆಆರ್‌ಎಸ್‌ನಲ್ಲಿ ನೀರು ನಿಂತು ತೊಂಬತ್ತು ವರ್ಷ ದಾಟಿದರೂ ನಮಗೆ ಅಂಥ ಅನುಭವ ಆಗಿಲ್ಲ, ಪುಣ್ಯ.

ಗೌರಿಬಿದನೂರಿನ ಕಥೆ ಬೇರೆ. 1965ರಲ್ಲಿ ಅಣುಶಕ್ತಿ ಇಲಾಖೆಯವರು ಬ್ರಿಟನ್ನಿನ ಸಹಕಾರದಲ್ಲಿ ಅಲ್ಲಿ ಭೂಕಂಪ ಮಾಪಕಗಳ ಸಾಲನ್ನೇ ನೆಟ್ಟರು. ಉದ್ದೇಶ ನಮ್ಮ ಭೂಕಂಪ ಅಲ್ಲವೇ ಅಲ್ಲ! ದೂರದ ಯಾವ ದೇಶ ಗುಟ್ಟಾಗಿ ನೆಲದೊಳಗೆ ಅಣುಬಾಂಬು ಸಿಡಿಸುತ್ತಿದೆ ಅಂತ ಕಿವಿಗೊಟ್ಟು ಕೇಳುವುದು. 1998ರಲ್ಲಿ ಪಾಕಿಸ್ತಾನ ಚಾಗೈ ಬೆಟ್ಟದಲ್ಲಿ ಸಿಡಿಸಿದ್ದರ ಅಲೆ ಇಲ್ಲಿ ದಾಖಲಾಯಿತು. ಅಂದರೆ ಇದು ಬಾಂಬೋ ಭೂಕಂಪವೋ ಅಂತ ಬಿಡಿಸಿ ಹೇಳುವ ವಿದ್ಯೆ ಕರ್ನಾಟಕದ ನೆಲದಲ್ಲಿ ಅರವತ್ತು ವರ್ಷದಿಂದ ಇದೆ. ಪಾಂಡವಪುರದವರು ಕೇಳುತ್ತಿರುವುದೂ ಅದನ್ನೇ ಅಲ್ವಾ, ಸ್ವಲ್ಪ ಚಿಕ್ಕ ಅಳತೆಯಲ್ಲಿ?

ಅದು ಹೇಗೆ ಗೊತ್ತಾಗುತ್ತದೆ? ಸಿಡಿಮದ್ದು ಸಿಡಿದರೆ ಸುತ್ತಲಿನ ಬಂಡೆಯನ್ನು ಎಲ್ಲ ದಿಕ್ಕಿಗೂ ಹೊರಗೆ ತಳ್ಳುತ್ತದೆ. ಹಾಗಾಗಿ ಯಾವ ದಿಕ್ಕಿನ ಯಂತ್ರ ನೋಡಿದರೂ ಮೊದಲು ಕಾಣುವುದು ತಳ್ಳು. ಭೂಕಂಪದಲ್ಲಿ ಎರಡು ಬಂಡೆ ಒಂದರ ಪಕ್ಕ ಒಂದು ಜಾರುತ್ತವೆ, ಆಗ ಒಂದು ಕಡೆ ತಳ್ಳು, ಇನ್ನೊಂದು ಕಡೆ ಎಳೆತ. ಜೊತೆಗೆ ಹಿಂದಿನಿಂದ ಬರುವ ಅಡ್ಡ ಅಲುಗಾಟದ ಅಲೆ ಜೋರಾಗಿರುತ್ತದೆ, ಸಿಡಿತದಲ್ಲಿ ಅದು ಮಂಕು. ದೂರ ಕಂಡುಹಿಡಿಯುವುದು ಇನ್ನೂ ಸುಲಭ. ಬೆಂಗಳೂರಿನಿಂದ ಕಾರು, ಬೈಕು ಒಟ್ಟಿಗೆ ಹೊರಟವು ಅಂದುಕೊಳ್ಳಿ (ಎಕ್ಸ್‌ಪ್ರೆಸ್‌ವೇಗೆ ಬೈಕ್ ಬಿಡಲ್ಲ, ಅದು ಸರ್ವಿಸ್ ರಸ್ತೆಯಲ್ಲೇ ಬರಲಿ). ಮದ್ದೂರಿನಲ್ಲಿ ನಿಂತು ನೋಡಿದರೆ ಎರಡರ ನಡುವೆ ಸ್ವಲ್ಪ ಅಂತರ, ಮೈಸೂರಿನಲ್ಲಿ ನೋಡಿದರೆ ಜಾಸ್ತಿ ಅಂತರ. ಭೂಕಂಪದ ಅಲೆಗಳೂ ಹಾಗೇ. ಮೊದಲ ಅಲೆಗೂ ಎರಡನೇ ಅಲೆಗೂ ಒಂದು ಸೆಕೆಂಡ್ ಅಂತರ ಇದ್ದರೆ ಹೆಚ್ಚುಕಮ್ಮಿ 8 ಕಿಲೋಮೀಟರ್ ದೂರ. ಕಡೇಪಕ್ಷ ಮೂರು ಕೇಂದ್ರಗಳ ಲೆಕ್ಕ ಕೂಡಿಸಿದರೆ ಜಾಗ ಸಿಗುತ್ತದೆ. ಒಂದೇ ಯಂತ್ರ ಇಟ್ಟರೆ ಸಾಲದು ಅನ್ನೋದು ಇದಕ್ಕೇ.

ದಖ್ಖನ್ ಅಂದರೆ ಗಟ್ಟಿ ಬಂಡೆ, ಇಲ್ಲಿ ಏನೂ ಆಗಲ್ಲ ಅನ್ನೋ ಧೈರ್ಯ ಮುರಿದದ್ದು 1993ರ ಸೆಪ್ಟೆಂಬರ್ 30ರಂದು. ಲಾತೂರಿನ ಕಿಲ್ಲಾರಿಯಲ್ಲಿ ರಾತ್ರಿ ಮಲಗಿದ್ದ ಸುಮಾರು ಹತ್ತು ಸಾವಿರ ಜನ ಬೆಳಕು ಹರಿಯುವ ಮೊದಲೇ ಸತ್ತರು. ಆ ಊರು ಇದ್ದದ್ದು ದೇಶದ ಭೂಕಂಪ ಅಪಾಯದ ನಕ್ಷೆಯ ಒಂದನೇ ವಲಯದಲ್ಲಿ, ಅತಿ ಕಡಿಮೆ ಅಪಾಯದ್ದು ಅಂತ! ಆಮೇಲೆ ದಕ್ಷಿಣದಲ್ಲಿ ಕೇಂದ್ರಗಳನ್ನು ಸುಧಾರಿಸಿದರು. 2002ರಲ್ಲಿ ಒಂದನೇ ವಲಯವನ್ನೇ ನಕ್ಷೆಯಿಂದ ತೆಗೆದುಹಾಕಿದರು. ಮೈಸೂರು, ಮಂಡ್ಯ ಆ ನಕ್ಷೆಯಲ್ಲಿ ಎರಡನೇ ವಲಯಕ್ಕೆ ಬಂದವು. ಕಡಿಮೆ ಅಪಾಯ ನಿಜ, ಆದರೆ ಕಿಲ್ಲಾರಿಯವರಿಗೂ ನಕ್ಷೆ ಹಾಗೇ ಹೇಳಿತ್ತು.

ರಾಜ್ಯದ ಮಟ್ಟದಲ್ಲಿ ಈ ಕೆಲಸ ಬೆಳೆದದ್ದು ಬರದಿಂದ. 1988ರಲ್ಲಿ ಬರ ನೋಡಿಕೊಳ್ಳಲು ಅಂತ ಶುರುವಾದ ಕೋಶ, 2007ರಲ್ಲಿ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅಂತ ಹೆಸರು ಬದಲಿಸಿಕೊಂಡು ಭೂಕಂಪವನ್ನೂ ತಲೆಗೆ ಹಾಕಿಕೊಂಡಿತು. ಅಣೆಕಟ್ಟೆಗಳ ಹತ್ತಿರ ಯಂತ್ರ ಇಟ್ಟಿತು, ಕೆಆರ್‌ಎಸ್‌ನಲ್ಲೂ. ದೆಹಲಿಯಲ್ಲಿ ರಾಷ್ಟ್ರೀಯ ಭೂಕಂಪಶಾಸ್ತ್ರ ಕೇಂದ್ರ ಬೇರೆಯಾಗಿ ನಿಂತದ್ದು 2014ರಲ್ಲಿ. 30 ಮೀಟರ್ ಇಲ್ಲವೇ ಅದಕ್ಕಿಂತ ಎತ್ತರದ ಅಣೆಕಟ್ಟೆಗಳ ಬಳಿ ಭೂಕಂಪ ಕೇಂದ್ರ ಇರಲೇಬೇಕು ಅಂತ 2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆ ಹೇಳಿತು.

ಕೆಆರ್‌ಎಸ್‌ನ ಯಂತ್ರ ಸುದ್ದಿಯಾದದ್ದು 2018ರ ಸೆಪ್ಟೆಂಬರ್‌ನಲ್ಲಿ. ದೊಡ್ಡ ಸದ್ದು ಕೇಳಿ ಜನ ಹೆದರಿದ್ದರು. ಯಂತ್ರದ ದಾಖಲೆ ನೋಡಿದ ಉಸ್ತುವಾರಿ ಕೇಂದ್ರ ಇದು ಭೂಕಂಪದ್ದಲ್ಲ, ಗಣಿ ಸ್ಫೋಟದ್ದಿರಬೇಕು, ಕಟ್ಟೆಗೆ ಅಪಾಯ ಅಂತ ವರದಿ ಕೊಟ್ಟಿತು. ಅಲ್ಲಿಂದ ಮುಂದಕ್ಕೆ ವಿಜ್ಞಾನ ಕಮ್ಮಿ, ರಾಜಕೀಯ ಜಾಸ್ತಿ. 2021ರಲ್ಲಿ ಕಟ್ಟೆ ಬಿರುಕು ಬಿಟ್ಟಿದೆಯಾ ಇಲ್ಲವಾ ಅಂತ ನಾಯಕರು ವಾರಗಟ್ಟಲೆ ಕಿತ್ತಾಡಿದರು. ಎಷ್ಟು ಸಿಡಿಸಿದರೆ ಎಷ್ಟು ಅಲುಗುತ್ತದೆ ಅಂತ ನೋಡಲು ಟ್ರಯಲ್ ಬ್ಲಾಸ್ಟ್‌ಗೆ ಹೊರಟಾಗ, 2022ರಲ್ಲೂ 2024ರಲ್ಲೂ, ರೈತರು ರೊಚ್ಚಿಗೆದ್ದರು. ಅಪಾಯ ಇದೆಯಾ ಅಂತ ತಿಳಿಯಲು ಅಲ್ಲೇ ಸಿಡಿಸಿ ನೋಡೋದಾ ಅನ್ನೋದು ಅವರ ಪ್ರಶ್ನೆ, ಅದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. ಅಷ್ಟರೊಳಗೆ, 2024ರ ಜನವರಿಯಲ್ಲಿ, ಕಟ್ಟೆಯ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ಬೇಡ ಅಂತ ಹೈಕೋರ್ಟ್ ಹೇಳಿತ್ತು.

ಪಾಂಡವಪುರ ತಾಲ್ಲೂಕಿನ ಅಂಚಿನ ಹಳ್ಳಿಯಲ್ಲಿರುವ ನಮ್ಮ ಅತ್ತೆಗೆ ಈ ವರದಿ, ಕೋರ್ಟು ಯಾವುದೂ ಅಷ್ಟಾಗಿ ಗೊತ್ತಿಲ್ಲ. ಸದ್ದು ಕೇಳಿದ ದಿನ, ಹೊತ್ತು ಎರಡನ್ನೂ ಅವರು ಗೋಡೆಯ ಕ್ಯಾಲೆಂಡರಿನಲ್ಲಿ ಡೇರಿ ಹಾಲಿನ ಲೆಕ್ಕದ ಪಕ್ಕವೇ ಬರೆದಿಡುತ್ತಾರೆ. 2022ರ ಜೂನ್ 23ರ ಬೆಳಗಿನ ಜಾವ ಹೊಳೆನರಸೀಪುರದ ಕಡೆ 3.4 ತೀವ್ರತೆಯ ಭೂಕಂಪವಾಗಿ ಕೆ.ಆರ್. ಪೇಟೆಯವರೆಗೂ ನೆಲ ನಡುಗಿತಲ್ಲ, ಆಗ ಅತ್ತೆ ಹಾಲು ಕರೆಯಲು ಎದ್ದಿದ್ದರಂತೆ. ಆ ದಿನದ ಚೌಕದಲ್ಲಿ ‘4.30 ದಾಟಿತ್ತು’ ಅಂತ ಇದೆ. ಕೆಳಗೆ ಇನ್ನೊಂದು ಪದ: ‘ಬೆಟ್ಟದ್ದಲ್ಲ’.

ಹೇಗೆ ಗೊತ್ತಾಯಿತು ಅಂತ ಕೇಳಿದೆ. ‘ಬೆಟ್ಟದ್ದಾದರೆ ಮೊದಲು ಕಿವಿಗೆ ಬರುತ್ತೆ ಕಣಪ್ಪ, ಇದು ಕಾಲಿಗೆ ಬಂತು’ ಅಂದರು.