'ಫೋನ್ ಇಡಬೇಡಿ' ಎನ್ನುವವನ ಫೋನನ್ನೇ ಮೊದಲು ಇಡಬೇಕು

"ನಿಮ್ಮ ಆಧಾರ್ ಮೇಲೆ ತೆಗೆದ ಸಿಮ್ಮಿನಿಂದ ಅಪರಾಧ ನಡೆದಿದೆ. ಮುಂಬೈ ಪೊಲೀಸರು ಮಾತಾಡ್ತಾರೆ, ಲೈನಿನಲ್ಲೇ ಇರಿ." ವಿಡಿಯೊ ಕರೆಯಲ್ಲೇ ಬಂಧಿಸಿದ್ದೇವೆಂದು ಹೆದರಿಸಿ ಹಣ ಕೀಳುವ 'ಡಿಜಿಟಲ್ ಅರೆಸ್ಟ್' ವಂಚಕರ ಇಂಥ ಕರೆ ಬರುವಾಗ ಶಿರಸಿ ಸೀಮೆಯ ಎಷ್ಟೋ ತೋಟದ ಮನೆಗಳಲ್ಲಿ ಇರುವವರು ವಯಸ್ಸಾದ ಇಬ್ಬರೇ. ಮಕ್ಕಳು ಬೆಂಗಳೂರಿನಲ್ಲಿ, ಪಕ್ಕದ ಮನೆ ಗುಡ್ಡದಾಚೆ. ಅಡಿಕೆ ಮಾರಿದ ದುಡ್ಡು ಖಾತೆಯಲ್ಲಿರುತ್ತದೆ. ಕಾರವಾರದ ಕಡೆಯಾದರೆ ನಿವೃತ್ತಿಯ ಹಣ. ಅದು ಹೋದ ಮೇಲೆ ಊರವರು "ಮೇಷ್ಟ್ರಾಗಿದ್ದವರು, ಇಷ್ಟೂ ತಿಳೀಲಿಲ್ವಾ?" ಎನ್ನುತ್ತಾರೆ. ಈ ಮಾತು ಅನ್ಯಾಯದ್ದು. ಆ ಹೊತ್ತಿನಲ್ಲಿ ಕೈಕೊಡುವುದು ಓದಲ್ಲ, ಕಿವಿ ಮತ್ತು ಮಿದುಳು.

ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಹೆಚ್ಚಿನ ಕಂಪನಾಂಕದ, ಅಂದರೆ ಕೀಚಲು ಸದ್ದುಗಳನ್ನು. ಸ, ಶ, ಫದಂಥ ವ್ಯಂಜನಗಳ ಸ್ಪಷ್ಟತೆ ಇರುವುದು ಅಲ್ಲಿಯೇ. ಹಳೆಯ ದೂರವಾಣಿ ಜಾಲವಂತೂ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತಿತ್ತು. ಇಂದಿನ 4ಜಿ ಕರೆಗಳಲ್ಲಿ ಈ ವ್ಯಾಪ್ತಿ ಹಿಗ್ಗಿದೆ. ಆದರೆ ಸಿಗ್ನಲ್‌ಗಾಗಿ ಅಂಗಳದ ಮೂಲೆಗೆ ಬಂದು ನಿಲ್ಲಬೇಕಾದ ಕಡೆ ಮಾತು ಕಡಿದು ಕಡಿದೇ ಕೇಳುತ್ತದೆ. ಬಿಟ್ಟುಹೋದ ಅಕ್ಷರಗಳನ್ನು ಮಿದುಳು ಊಹಿಸಿ ತುಂಬಿಕೊಳ್ಳಬೇಕು. ಅದಕ್ಕೆ ಖರ್ಚಾಗುವುದು ಕಾರ್ಯಸ್ಮೃತಿ, ಅಂದರೆ ಆ ಕ್ಷಣದ ಸಂಗತಿಗಳನ್ನು ಹಿಡಿದಿಟ್ಟುಕೊಂಡು ತಾಳೆ ನೋಡುವ ಶಕ್ತಿ. "ಇವನು ಆಗ ಹೇಳಿದ್ದೊಂದು, ಈಗ ಹೇಳ್ತಿರುವುದೊಂದು" ಎಂದು ಅನುಮಾನಿಸಲು ಬೇಕಾದದ್ದೂ ಇದೇ ಶಕ್ತಿ. ಕೇಳಿಸಿಕೊಳ್ಳುವುದರಲ್ಲೇ ಅದು ಸೋತುಹೋದರೆ ಅನುಮಾನಕ್ಕೆ ಏನು ಉಳಿಯಿತು?

ಅದರ ಮೇಲೆ ಭಯ ಬಂದು ಕೂರುತ್ತದೆ. ತೀವ್ರ ಒತ್ತಡದಲ್ಲಿ ನಾರ್‌ಅಡ್ರಿನಲಿನ್, ಡೋಪಮಿನ್ ರಾಸಾಯನಿಕಗಳು ಹೆಚ್ಚಾಗಿ, ಹಣೆಯ ಹಿಂದಿನ ಪ್ರಿಫ್ರಂಟಲ್ ಕಾರ್ಟೆಕ್ಸ್ ಮಂದವಾಗುತ್ತದೆ ಎಂಬುದನ್ನು ಯೇಲ್ ವಿಶ್ವವಿದ್ಯಾಲಯದ ಏಮಿ ಆರ್ನ್‌ಸ್ಟನ್ ಅವರ ಸಂಶೋಧನೆಗಳು ವಿವರಿಸಿವೆ. ವಿವೇಚನೆ ನಡೆಯುವುದು ಆ ಭಾಗದಲ್ಲಿ. ಇದು ಯಾವ ವಯಸ್ಸಿನವರಿಗೂ ಆಗುವಂಥದ್ದು, ಐಟಿಯಲ್ಲಿರುವವರೂ ಮೋಸಹೋಗಿದ್ದಾರೆ. ಕರೆ ಕಡಿದು, ಒಂದು ಲೋಟ ನೀರು ಕುಡಿದು, ಮತ್ತೊಬ್ಬರ ಜೊತೆ ಮಾತಾಡಿದರೆ ಮನಸ್ಸು ತಿಳಿಯಾಗುತ್ತಾ ಬರುತ್ತದೆ. ವಂಚಕನಿಗೆ ಇದು ಚೆನ್ನಾಗಿ ಗೊತ್ತು. "ಕಟ್ ಮಾಡಬೇಡಿ, ಮನೆಯವರಿಗೂ ಹೇಳಬೇಡಿ, ಕ್ಯಾಮೆರಾ ಮುಂದೆಯೇ ಕೂತಿರಿ" ಎನ್ನುವುದು ಆ ಬಿಡುವು ಸಿಗಬಾರದೆಂದೇ. ಇಡೀ ವಂಚನೆ ನಿಂತಿರುವುದು ಕಡಿಯದ ಆ ಒಂದು ಕರೆಯ ಮೇಲೆ.

ಪರದೆಯ ಮೇಲೆ ಕಾಣುವ ನಂಬರನ್ನೂ ನಂಬುವಂತಿಲ್ಲ. ಅದು ಕರೆ ಹೊರಟ ಜಾಲ ಕಳಿಸುವ ಮಾಹಿತಿಯಷ್ಟೇ. ಇಂಟರ್ನೆಟ್ ಮೂಲಕ ಹೊರಡುವ ಕರೆಗೆ ಬೇರೆಯವರ ನಂಬರು ಅಂಟಿಸಬಹುದು. ವಿದೇಶದಿಂದ ಭಾರತದ ನಂಬರಿನ ವೇಷದಲ್ಲಿ ಬರುವ ಕರೆಗಳನ್ನು ತಡೆಯುವ ವ್ಯವಸ್ಥೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರಿನಲ್ಲಿ ಶುರುಮಾಡಿತು. ಆದರೆ ವಾಟ್ಸಾಪ್ ಕರೆ ಅದರ ಕೈಗೆ ಸಿಗುವುದಿಲ್ಲ.

'ಡಿಜಿಟಲ್ ಅರೆಸ್ಟ್' ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಪೊಲೀಸರಾಗಲಿ ಸಿಬಿಐ ಆಗಲಿ ವಿಡಿಯೊದಲ್ಲಿ ಬಂಧಿಸುವುದಿಲ್ಲ, 'ಪರಿಶೀಲನೆಗೆ' ಹಣ ಕಟ್ಟಿಸಿಕೊಳ್ಳುವುದೂ ಇಲ್ಲ. 2025ರಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಈ ವಿಷಯವನ್ನು ಕೈಗೆತ್ತಿಕೊಂಡಿತು. ಇನ್ನೊಂದು ಸಂಗತಿ: ಯುಪಿಐ ಪಿನ್ ಬೇಕಾಗುವುದು ಹಣ ಕಳಿಸಲು, ಪಡೆಯಲು ಅಲ್ಲ.

ಇದನ್ನೆಲ್ಲ ಹೇಳಿಕೊಟ್ಟರೂ ಭಯದಲ್ಲಿ ಮರೆತುಹೋಗಬಹುದು. ಹಾಗಾಗಿ ನನಗೆ ಹೆಚ್ಚು ಭರವಸೆಯಿರುವುದು ಮೊದಲೇ ರೂಢಿಸಿಕೊಂಡ ಒಂದು ಅಭ್ಯಾಸದ ಮೇಲೆ: ಪೊಲೀಸು, ಬ್ಯಾಂಕು, ಕೊರಿಯರ್ ಎಂದು ಯಾರೇ ಹೇಳಲಿ, "ಮಗನ ಹತ್ರ ಕೇಳಿ ಹೇಳ್ತೆ" ಎಂದು ಫೋನ್ ಇಟ್ಟುಬಿಡುವುದು. ಮರ್ಯಾದೆ ಕಾಯುವ ನಮ್ಮ ಹಿರಿಯರಿಗೆ, ಎದುರಿನವನು ಮಾತಾಡುತ್ತಿರುವಾಗಲೇ ಫೋನ್ ಇಡುವುದು ಕಷ್ಟ. ದೀಪಾವಳಿಗೆ ಊರಿಗೆ ಬಂದ ಮೊಮ್ಮಕ್ಕಳು ಅಜ್ಜನ ಜೊತೆ ಕೂತು, ವಂಚಕನ ಪಾತ್ರ ತಾವೇ ಮಾಡಿ, ಇದನ್ನು ಅಭ್ಯಾಸ ಮಾಡಿಸಬಹುದು. ಈಗ ಧ್ವನಿಯನ್ನೂ ನಕಲು ಮಾಡುತ್ತಾರಾದ್ದರಿಂದ ಮನೆಯವರಿಗಷ್ಟೇ ಉತ್ತರ ಗೊತ್ತಿರುವ ಒಂದು ಪ್ರಶ್ನೆಯನ್ನೂ ಗೊತ್ತುಮಾಡಿಕೊಳ್ಳಿ. "ಆಯಿ, ಅರ್ಜೆಂಟಾಗಿ ದುಡ್ಡು ಬೇಕು" ಎಂದು ಮಗನ ದನಿಯಲ್ಲಿ ಕರೆ ಬಂದರೆ ಅದನ್ನು ಕೇಳಬೇಕು.

ಸಣ್ಣ ಪೇಟೆಯ ಬ್ಯಾಂಕುಗಳಿಗೆ ದೊಡ್ಡ ನಗರದ ಶಾಖೆಗಳಿಗಿಲ್ಲದ ಒಂದು ಅನುಕೂಲವಿದೆ, ಗಿರಾಕಿಯ ಪರಿಚಯ. ಎಫ್‌ಡಿ ಮುರಿಸಿ ಗೊತ್ತಿಲ್ಲದ ಖಾತೆಗೆ ಲಕ್ಷಗಟ್ಟಲೆ ಹಾಕಲು ಬಂದವರನ್ನು ಒಳಗೆ ಕೂರಿಸಿ, "ಹೆಗಡೇರೇ, ಇಷ್ಟೆಲ್ಲ ದುಡ್ಡು ಯಾರಿಗೆ?" ಎಂದು ಕೇಳುವ ಸಿಬ್ಬಂದಿ ಆ ಕರೆಯ ಹಿಡಿತವನ್ನು ಬಿಡಿಸಬಲ್ಲರು. "ಜಾಗ ಖರೀದಿಗೆ" ಎಂಬ ಉತ್ತರವನ್ನು ವಂಚಕ ಮೊದಲೇ ಬಾಯಿಪಾಠ ಮಾಡಿಸಿರಬಹುದು. ಯಾವ ಜಾಗ, ಯಾರದ್ದು ಎಂದು ಇನ್ನೆರಡು ಮಾತು ಕೇಳಬೇಕು, ಮನೆಯವರಿಗೆ ಫೋನ್ ಮಾಡಿಸಬೇಕು.

ಹಣ ಹೋಗಿಬಿಟ್ಟಿದ್ದರೆ ಬೈಯಬೇಡಿ. ಬೈಗುಳಕ್ಕೆ ಹೆದರಿದ ಅಪ್ಪಯ್ಯ ಎರಡು ದಿನ ಬಾಯಿ ಬಿಡುವುದಿಲ್ಲ. ಅಷ್ಟರಲ್ಲಿ ಹಣ ವಂಚಕರು ಬೇರೆಯವರಿಂದ ಬಾಡಿಗೆಗೆ ಪಡೆದ ಹತ್ತಾರು ಖಾತೆಗಳಿಗೆ ಹಂಚಿಹೋಗಿರುತ್ತದೆ. ಶಿರಸಿಯವರು ಘಟ್ಟ ಇಳಿದು ಕಾರವಾರದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆ ಮುಟ್ಟುವವರೆಗೆ ಕಾಯಬೇಕಿಲ್ಲ. ಮನೆಯಿಂದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ, ಮುಂದಿನ ಖಾತೆಗಳಲ್ಲಿ ಇನ್ನೂ ಉಳಿದಿರುವ ಹಣವನ್ನು ತಡೆಹಿಡಿಯುವ ಕೆಲಸ ಅಲ್ಲಿಂದಲೇ ಶುರುವಾಗುತ್ತದೆ. ಜೊತೆಗೇ ಬ್ಯಾಂಕಿಗೂ ತಿಳಿಸಿ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ಒಟಿಪಿ ಹೇಳಿ ಹಣ ಕಳೆದುಕೊಂಡ ಗ್ರಾಹಕರಿಗೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದೇ.