ಸರ್ಕಾರಿ ಸ್ಕೂಲಲ್ಲೇ ಸ್ಪೀಚ್ ಥೆರಪಿ ಸಿಗುತ್ತಾ, ಇಲ್ಲ ಬೆಂಗಳೂರಿಗೇ ಹೋಗ್ಬೇಕಾ?

ಪ್ರಶ್ನೆ: ಮೇಡಂ, ನನ್ನ ಮಗ ನಮ್ಮೂರ ಸರ್ಕಾರಿ ಸ್ಕೂಲಲ್ಲಿ ಎರಡನೇ ಕ್ಲಾಸು. ಬುದ್ಧಿ ಚೆನ್ನಾಗೈತೆ, ಆದ್ರೆ ಮಾತು ಸ್ಪಷ್ಟ ಇಲ್ಲ, ಮನೆಯೋರಿಗೆ ಬಿಟ್ರೆ ಬೇರೆಯೋರಿಗೆ ಅರ್ಥ ಆಗಲ್ಲ. ಸ್ಕೂಲಲ್ಲೇ ಸ್ಪೀಚ್ ಥೆರಪಿ ಕೊಡಿಸ್ತಾರಾ, ಇಲ್ಲ ಬೆಂಗಳೂರಿಗೇ ಹೋಗ್ಬೇಕಾ?

ಉತ್ತರ: ನಾನು ಶಿಡ್ಲಘಟ್ಟ ತಾಲ್ಲೂಕಲ್ಲಿ ನಲಿ-ಕಲಿ ಕ್ಲಾಸ್, ಅಂದ್ರೆ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು ಕಲಿಯೋ ಕ್ಲಾಸ್ ತಗೊಳ್ಳೋ ಟೀಚರ್. ವರ್ಷಕ್ಕೆ ನಾಲ್ಕೈದು ಜನ ಅಮ್ಮಂದಿರಾದ್ರೂ ಇದೇ ಪ್ರಶ್ನೆನ ಸ್ಕೂಲ್ ಬಿಟ್ಮೇಲೆ ಗೇಟ್ ಹತ್ರ ನಿಂತು ಮೆಲ್ಲಗೆ, ಬೇರೆ ಯಾರಿಗೂ ಕೇಳಿಸ್ದಂಗೆ ಕೇಳ್ತಾರೆ. ನೇರವಾಗಿ ಹೇಳ್ಬಿಡ್ತೀನಿ. ಸ್ಕೂಲಲ್ಲಿ ಸ್ಪೀಚ್ ಥೆರಪಿಸ್ಟ್ ಕೂತಿರಲ್ಲ. ಆದ್ರೆ ಸ್ಕೂಲಿಂದ ಶುರುವಾಗೋ ಒಂದು ದಾರಿ ಇದೆ, ದುಡ್ಡಿಲ್ಲದ ದಾರಿ, ಅದನ್ನ ಹೆಸರು ಹಿಡಿದು ಕೇಳಿದೋರಿಗೆ ಮಾತ್ರ ಸಿಗುತ್ತೆ ಅನ್ನೋದೇ ನನ್ನ ಸಂಕಟ. ಬೆಂಗಳೂರು ಆಮೇಲಿನ ಮಾತು.

ನಮ್ಮ ಕ್ಲಾಸಲ್ಲಿ ನಡೆದಿದ್ದು ಹೇಳ್ತೀನಿ, ನಿಮ್ಮ ಮಗಂದೂ ಇದೇ ಥರ ಇರಬಹುದು. ಒಂದನೇ ಕ್ಲಾಸಲ್ಲಿ ನಾವು ಮೊದಲು ಕಲಿಸೋ ಅಕ್ಷರ ರ ಗ ಸ ದ ಅ. ಮಕ್ಕಳ ಬಾಯಿಗೆ ತಡವಾಗಿ ಬರೋ ಶಬ್ದಗಳಲ್ಲಿ ರ-ನೂ ಒಂದು, ಅದೇ ಇಲ್ಲಿ ಮೊದಲ ಮೆಟ್ಟಿಲು. ಒಬ್ಬ ಹುಡುಗ ಇದನ್ನ ಲ ದ ತ ದ ಅ ಅಂತಿದ್ದ. ಗರಗಸ ತೋರ್ಸಿದ್ರೆ ದಲದತ. ದಸರ ಅಂದ್ರೆ ದತಲ. ಬೆರಳಿಟ್ಟು ತೋರ್ಸು ಅಂದ್ರೆ ಅಕ್ಷರ ಕರೆಕ್ಟಾಗಿ ತೋರ್ಸ್ತಿದ್ದ, ಬರೀ ಅಂದ್ರೆ ಬರೀತಿದ್ದ, ಬಾಯಲ್ಲಿ ಮಾತ್ರ ಬರ್ತಿರ್ಲಿಲ್ಲ, ನಾನು ಓದಿಸಿ ನೋಡಿ ಕಲ್ತಿಲ್ಲ ಅಂದ್ಕೊಂಡು ದೀಪಾವಳಿವರೆಗೂ ಮೊದಲನೇ ತಟ್ಟೇಲೇ, ಅಂದ್ರೆ ಟೀಚರ್ ಸಹಾಯ ಪೂರ್ತಿ ಬೇಕಾದ ಮಕ್ಕಳ ಗುಂಪಲ್ಲೇ ಕೂರಿಸಿದ್ದೆ. ಆ ಐದು ತಿಂಗಳು ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ. ಅವರ ಮನೇಲಿ ರೇಷ್ಮೆ ಹುಳ ಸಾಕ್ತಾರೆ, ಒಂದಿನ ಅಪ್ಪ ಎಲ್ಲಿ ಹೋದ ಅಂತ ಕೇಳಿದ್ರೆ ‘ದೂಡು ಹಾಕೋಕೆ’ ಅಂದ, ನಾನು ದುಡ್ಡು ಹಾಕೋಕೆ ಬ್ಯಾಂಕಿಗೆ ಹೋಗವ್ರೆ ಅಂದ್ಕೊಂಡೆ, ಪಕ್ಕದ ಹುಡುಗಿ ‘ಗೂಡು ಮಿಸ್, ಮಾರ್ಕೆಟ್ಟಿಗೆ’ ಅಂದ್ಳು. ಆಗ ಹೊಳೀತು, ಇವನಿಗೆ ಗ ಬರೋ ಕಡೆಯೆಲ್ಲ ದ ಬರ್ತಿದೆ, ಅದೂ ಪ್ರತಿ ಸಲ, ಒಂದೇ ಲೆಕ್ಕದಲ್ಲಿ. ನಾಲಿಗೆಯ ಹಿಂಭಾಗ ಮೇಲಕ್ಕೆ ಹೋಗಿ ತಾಗಬೇಕಾದ ಕಡೆ ಇವನ ನಾಲಿಗೆ ತುದಿ ಹಲ್ಲಿಗೆ ತಾಗ್ತಿತ್ತು, ಅಷ್ಟೆ.

ಇಲ್ಲಿ ನಮ್ಮ ಕಡೆಯೋರು ಗಮನಿಸ್ಬೇಕಾದ ಒಂದು ವಿಷ್ಯ. ಶಿಡ್ಲಘಟ್ಟ, ಚಿಂತಾಮಣಿ, ಬಾಗೇಪಲ್ಲಿ, ಗುಡಿಬಂಡೆ ಎಲ್ಲಾ ಕಡೆ ಎಷ್ಟೋ ಮನೇಲಿ ತೆಲುಗು, ಕೆಲವು ಮನೇಲಿ ಉರ್ದು, ಸ್ಕೂಲಲ್ಲಿ ಕನ್ನಡ. ಮಗು ಕನ್ನಡದಲ್ಲಿ ತಡವರಿಸಿದ್ರೆ ಅದು ಮಾತಿನ ತೊಂದ್ರೆ ಆಗ್ಬೇಕು ಅಂತಿಲ್ಲ, ಹೊಸ ಭಾಷೆ ಕಲೀತಿದೆ ಅಷ್ಟೆ. ಪರೀಕ್ಷೆ ಮಾಡೋದು ಸುಲಭ, ಮನೆ ಭಾಷೇಲಿ ಹೆಂಗೆ ಮಾತಾಡುತ್ತೆ ಅಂತ ಅಜ್ಜಿನ ಕೇಳಿ. ಮೇಲೆ ಹೇಳಿದ ಹುಡುಗನ ಅಜ್ಜಿ ‘ತೆಲುಗಲ್ಲೂ ಅಂಗೇ ಮೇಡಂ, ಗುಡ್ಡು ಬೇಕು ಅನ್ನೋಕೆ ದುಡ್ಡು ಬೇಕು ಅಂತಾನೆ’ ಅಂದ್ರು. ಮೊಟ್ಟೆ ಕೇಳಿದ್ರೆ ಎಲ್ಲಾರೂ ಕಾಸು ಕೊಡ್ತಿದ್ರಂತೆ. ಎರಡು ಭಾಷೇಲೂ ಒಂದೇ ತಪ್ಪು ಬಂದ್ರೆ ತೋರಿಸ್ಲೇಬೇಕು. ಹಂಗಂತ ಮನೇಲಿ ತೆಲುಗು ಬಿಟ್ಬಿಡಿ, ಉರ್ದು ಬಿಟ್ಬಿಡಿ ಅಂತ ಯಾರಾದ್ರೂ ಹೇಳಿದ್ರೆ ದಯವಿಟ್ಟು ಕೇಳ್ಬೇಡಿ, ಎರಡು ಭಾಷೆ ಕೇಳೋದ್ರಿಂದ ಮಾತಿನ ತೊಂದ್ರೆ ಬರಲ್ಲ, ಅಜ್ಜಿ ಜೊತೆ ಮಾತೇ ನಿಂತೋದ್ರೆ ಮಗುಗೆ ಇರೋ ಒಂದು ಭಾಷೆನೂ ಕೈತಪ್ಪುತ್ತೆ.

ಸರಿ, ಈಗ ಏನು ಮಾಡ್ಬೇಕು. ಎಲ್ಲಕ್ಕಿಂತ ಮೊದಲು ಕಿವಿ. ಮಾತಿನ ತೊಂದ್ರೆ ಅಂತ ಯಾರ ಹತ್ರ ಹೋದ್ರೂ ಅವ್ರು ಮೊದಲು ಕೇಳೋದೇ ಕೇಳಿಸ್ಕೊಳ್ಳೋದು ಹೆಂಗಿದೆ ಅಂತ. ಕಿವಿ ಸೋರೋದನ್ನ ನಮ್ಮಲ್ಲಿ ಶೀತ ಅಂತ ಬಿಟ್ಬಿಡ್ತಾರೆ, ಕೊಬ್ಬರಿ ಎಣ್ಣೆ ಬಿಡ್ತಾರೆ, ಸೋರೋ ಕಿವಿಗೆ ಎಣ್ಣೆ ಬಿಡಲೇಬಾರ್ದು. ಕಿವಿ ಒಳಗೆ ನೀರು ನಿಂತ ಮಗುಗೆ ಪೂರ್ತಿ ಕೇಳಿಸ್ದೇ ಇರಲ್ಲ, ಅರ್ಧಂಬರ್ಧ ಕೇಳಿಸುತ್ತೆ, ಅದ್ಕೇ ಗೊತ್ತಾಗಲ್ಲ. ಮಗು ನಿಮ್ಮ ಮುಖ ನೋಡ್ತಿದ್ರೆ ಹೇಳಿದ್ದೆಲ್ಲ ಮಾಡುತ್ತೆ, ಹಿಂದಿಂದ ಮೆಲ್ಲಗೆ ಕರೆದ್ರೆ ತಿರುಗಲ್ಲ ಅಂದ್ರೆ ತಡ ಮಾಡ್ಬೇಡಿ. ನಮ್ಮಲ್ಲಿ ಒಂದು ಹುಡುಗಿನ ವರ್ಷವಿಡೀ ಹಠಮಾರಿ ಅಂದಿದ್ವಿ, ಪಾಪ ಅವಳಿಗೆ ಕೇಳಿಸ್ತಾನೇ ಇರ್ಲಿಲ್ಲ.

ದಾರಿ ಹೀಗಿದೆ. ಹೆಡ್ ಮಾಸ್ಟರ್ ಹತ್ರ ಹೋಗಿ ‘ನಮ್ಮ ಮಗುನ ಬಿಐಇಆರ್‌ಟಿಗೆ ತೋರಿಸ್ಬೇಕು’ ಅಂತ ಇದೇ ಪದದಲ್ಲಿ ಹೇಳಿ. ಬಿಐಇಆರ್‌ಟಿ ಅಂದ್ರೆ ಸಮಗ್ರ ಶಿಕ್ಷಣ ಅನ್ನೋ ಸರ್ಕಾರಿ ಯೋಜನೇಲಿ ವಿಶೇಷ ಅಗತ್ಯದ ಮಕ್ಕಳಿಗೆ ಅಂತಾನೇ ತಾಲ್ಲೂಕಲ್ಲಿ ಇರೋ ಟೀಚರ್, ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಂದ್ರೆ ಬಿಆರ್‌ಸಿಲಿ ಸಿಗ್ತಾರೆ. ಅವ್ರು ಸ್ಪೀಚ್ ಥೆರಪಿಸ್ಟ್ ಅಲ್ಲ, ಆದ್ರೆ ಮಗುನ ನೋಡಿ ಎಲ್ಲಿಗೆ ಕಳಿಸ್ಬೇಕು ಅಂತ ಹೇಳ್ತಾರೆ, ತಾಲ್ಲೂಕಿನ ತಪಾಸಣಾ ಶಿಬಿರದ ಪಟ್ಟಿಗೆ ಹೆಸರು ಸೇರಿಸ್ತಾರೆ, ಹಿಯರಿಂಗ್ ಏಡ್ ಬೇಕಂದ್ರೆ ಅದೂ ಆ ಶಿಬಿರದ ಮೂಲಕವೇ ಬರೋದು. ಸಮಗ್ರ ಶಿಕ್ಷಣದಲ್ಲಿ ಇಂಥ ಒಂದೊಂದು ಮಗುಗೂ ವರ್ಷಕ್ಕೆ 3,500 ರೂಪಾಯಿವರೆಗೆ ಅಂತ ಲೆಕ್ಕ ಇದೆ, ಅದರಲ್ಲಿ ಥೆರಪಿಗೂ ಅವಕಾಶ ಇದೆ, ಹಂಗಾಗಿ ಬಿಆರ್‌ಸಿಲಿ ಥೆರಪಿ ದಿನ ಯಾವುದು ಅಂತ ಸಂಕೋಚ ಇಲ್ದೆ ಕೇಳಿ.

ಇನ್ನೊಂದು ಬಾಗಿಲು ಆರೋಗ್ಯ ಇಲಾಖೆದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ 2013ರಲ್ಲಿ ಶುರುವಾಗಿದ್ದು, ಹುಟ್ಟಿದ ಮಗುಯಿಂದ 18 ವರ್ಷದವರೆಗೆ. ಡಾಕ್ಟರ್ ಟೀಮು ಜೀಪಲ್ಲಿ ವರ್ಷಕ್ಕೊಂದು ಸಲ ಸ್ಕೂಲಿಗೆ, ಎರಡು ಸಲ ಅಂಗನವಾಡಿಗೆ ಬರಬೇಕು. ಅವ್ರು ನೋಡೋ ಪಟ್ಟಿಲಿ ಕಿವಿ ಕೇಳಿಸ್ದೇ ಇರೋದೂ ಇದೆ, ಮಾತು ತಡವಾಗೋದೂ ಇದೆ. ಕಷ್ಟ ಏನಂದ್ರೆ ಬೆಳಿಗ್ಗೆ ಬಂದು ಮಧ್ಯಾಹ್ನದೊಳಗೆ ಇಡೀ ಸ್ಕೂಲ್ ನೋಡಿ ಮುಗಿಸ್ತಾರೆ, ಹಲ್ಲು ಕಣ್ಣು ತೂಕ ನೋಡೋಷ್ಟರಲ್ಲಿ ಟೈಮ್ ಆಗೋಗುತ್ತೆ, ಸುಮ್ನಿರೋ ಮಗು ಮಾತಾಡದೇ ಲೈನಲ್ಲಿ ಮುಂದಕ್ಕೆ ಹೋಗ್ಬಿಡುತ್ತೆ. ಆ ದಿನ ಗೊತ್ತಾದ್ರೆ ನೀವೇ ಬಂದು ನಿಂತ್ಕೊಳ್ಳಿ, ಇಲ್ಲ ಟೀಚರ್‌ಗೆ ಚೀಟಿ ಬರೆದುಕೊಡಿ. ಅವ್ರು ಬರೆದುಕೊಡೋ ರೆಫರಲ್ ತಗೊಂಡು ಜಿಲ್ಲಾ ಆಸ್ಪತ್ರೆಯ ಡಿಇಐಸಿಗೆ, ಅಂದ್ರೆ ಮಕ್ಕಳ ತೊಂದ್ರೆನ ಬೇಗ ಪತ್ತೆ ಮಾಡಿ ಚಿಕಿತ್ಸೆ ಕೊಡೋ ಕೇಂದ್ರಕ್ಕೆ ಹೋಗ್ಬೇಕು. ಡಿಇಐಸಿ ಟೀಮಲ್ಲಿ ಸ್ಪೀಚ್ ಥೆರಪಿಸ್ಟ್ ಇರಬೇಕು ಅಂತ ನಿಯಮದಲ್ಲೇ ಇದೆ, ಆದ್ರೂ ಹುದ್ದೆ ಖಾಲಿ ಇದ್ದಾಗ ಜನ ಬಸ್ ಚಾರ್ಜ್ ಕಳ್ಕೊಂಡು ವಾಪಸ್ ಬರೋದು ನೋಡಿದೀನಿ, ಹೋಗೋ ಮುಂಚೆ ಅವ್ರು ಯಾವ ವಾರ ಇರ್ತಾರೆ ಅಂತ ವಿಚಾರಿಸ್ಕೊಂಡು ಹೋಗಿ. ಇವೆರಡೂ ಕಡೆ ಆಗ್ಲಿಲ್ಲ ಅಂದ್ರೆ ಆಗ ಬೆಂಗಳೂರಿನ ನಿಮ್ಹಾನ್ಸ್‌ನ ಸ್ಪೀಚ್ ವಿಭಾಗ, ಇಲ್ಲ ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಎರಡೂ ಕೇಂದ್ರ ಸರ್ಕಾರದ್ದು.

ಸರ್ಟಿಫಿಕೇಟ್ ಭಯ ಬಿಡಿ. ಹೆಸರು ಕೊಟ್ರೆ ಅಂಗವಿಕಲ ಅಂತ ಬರೆದ್ಬಿಡ್ತಾರೆ ಅಂತ ಎಷ್ಟೋ ಜನ ಹಿಂದೆ ಸರೀತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಲಿ 21 ಥರದ ವೈಕಲ್ಯ ಇದೆ, ಮಾತಿಂದೂ ಒಂದು, ಆದ್ರೆ ಅಲ್ಲಿ ಹೇಳೋದು ನರದಿಂದ ಅಥವಾ ಅಂಗದ ತೊಂದ್ರೆಯಿಂದ ಬಂದ, ಶಾಶ್ವತವಾದ ವೈಕಲ್ಯದ ಬಗ್ಗೆ. ಗ ಬದಲು ದ ಅನ್ನೋ ಮಗು ಅದರಲ್ಲಿ ಬರಲ್ಲ, ಮತ್ತೆ ಥೆರಪಿ ತಗೊಳ್ಳೋಕೆ ಸರ್ಟಿಫಿಕೇಟ್ ಬೇಕಾಗೂ ಇಲ್ಲ.

ನಮ್ಮ ಹುಡುಗನ ಕಥೆಗೆ ಬರ್ತೀನಿ. ಅವರಮ್ಮ ಮೊದಲು ಒಪ್ಲಿಲ್ಲ, ‘ಅವರಪ್ಪನೂ ಐದು ವರ್ಷ ಆಗೋಗಂಟ ಸರಿಯಾಗಿ ಮಾತಾಡ್ತಿರ್ಲಿಲ್ವಂತೆ ಮೇಡಂ, ಬಜೆ ತೇದು ನಾಲಿಗೆಗೆ ಹಚ್ತಾ ಇದೀನಿ’ ಅಂದ್ರು. ಬಜೆಯಿಂದ ನಾಲಿಗೆ ಇಡೋ ಜಾಗ ಬದಲಾಗಲ್ಲ. ಆಮೇಲೆ ಹುಳ ಹಣ್ಣಾಗೋ ಟೈಮು, ಅಂದ್ರೆ ಗೂಡು ಕಟ್ಟೋಕೆ ತಯಾರಾಗೋ ಟೈಮು, ಮನೆ ಬಿಟ್ಟು ಬರೋಕಾಗ್ಲಿಲ್ಲ, ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿದ ಮೇಲೆ ಹೋದ್ವಿ. ಕಿವಿ ಟೆಸ್ಟ್ ಆಯ್ತು, ಕಿವಿ ಚೆನ್ನಾಗಿತ್ತು. ಥೆರಪಿಸ್ಟ್ ಹುಡುಗಿ ಅವನನ್ನ ಚಾಪೆ ಮೇಲೆ ಅಂಗಾತ ಮಲಗ್ಸಿದ್ರು. ಮಲಗಿದಾಗ ನಾಲಿಗೆ ತಾನೇ ಗಂಟಲ ಕಡೆ ಜಾರುತ್ತಂತೆ. ಕನ್ನಡಿ ಹಿಡಿದು, ನಾಲಿಗೆ ತುದಿ ಕೆಳಗಿನ ಹಲ್ಲಿನ ಹಿಂದೆ ಇಡು ಅಂದ್ರು, ‘ಗ್’ ಅನ್ನು ಅಂದ್ರು. ಸುಮಾರು ಹೊತ್ತು ದ್, ದ್. ಆಮೇಲೆ ಒಂದ್ಸಲ ಗ್ ಬಂತು, ಅವನೇ ಬೆಚ್ಚಿ ಅಮ್ಮನ್ನ ನೋಡ್ದ. ಮನೆಗೆ ಕೊಟ್ಟ ಹೋಂವರ್ಕ್ ದಿನಾ ಹತ್ತು ನಿಮಿಷ, ಮೊದಲು ಬರೀ ಗ್, ಆಮೇಲೆ ಗಾ ಗೀ ಗೂ, ಆಮೇಲೆ ಗೂಡು, ಆಮೇಲೆ ‘ಅಪ್ಪ ಗೂಡು ಮಾರಿದ್ರು’. ಒಂದೇ ದಿನಕ್ಕೆ ಆಗೋ ಕೆಲಸ ಅಲ್ಲ ಇದು, ಬೇಸಿಗೆ ರಜೆ ಮುಗಿಯೋವರೆಗೂ ಹಿಡೀತು, ಸ ಮತ್ತೆ ರ ಇನ್ನೂ ನಡೀತಿದೆ.

ಥೆರಪಿ ಸಿಗೋವರೆಗೂ ನೀವು ಮಾಡ್ಬೇಕಾದ್ದು ಕಮ್ಮಿ, ಮಾಡಬಾರದ್ದು ಜಾಸ್ತಿ. ‘ಸರಿಯಾಗಿ ಹೇಳು, ಆಗ್ಲೇ ಊಟ’ ಅನ್ಬೇಡಿ. ಅವನು ದೂಡು ಅಂದ್ರೆ ‘ಹೂಂ ಕಣೋ, ಗೂಡು, ದೊಡ್ಡ ಗೂಡು’ ಅಂತ ನೀವು ಸರಿಯಾಗಿ ಹೇಳಿ ಮಾತು ಮುಂದುವರ್ಸಿ, ಸಾಕು. ನೆಂಟರ ಮುಂದೆ ಹೇಳ್ಸಿ ನಗಬೇಡಿ. ಉಗ್ಗೋ ಮಗು ಆದ್ರೆ ಪದ ನೀವು ತುಂಬಿಸ್ಬೇಡಿ, ಕಾಯಿರಿ. ಎರಡರಿಂದ ಐದು ವರ್ಷದೊಳಗೆ ಶುರುವಾದ ಉಗ್ಗು ಎಷ್ಟೋ ಮಕ್ಕಳಲ್ಲಿ ತಾನಾಗೇ ಹೋಗುತ್ತೆ, ಆರು ತಿಂಗಳಾದ್ರೂ ಹೋಗ್ದೇ ಇದ್ರೆ ಅಥವಾ ಮಾತಾಡುವಾಗ ಮುಖ ಬಿಗಿಯಾಗ್ತಿದ್ರೆ ತೋರಿಸಿ. ಟೀಚರ್‌ಗಳಿಗೆ ಒಂದು ಮಾತು, ಉಗ್ಗೋ ಮಗು ಎಲ್ಲರ ಜೊತೆ ಮಗ್ಗಿ ಹೇಳುವಾಗ, ಪದ್ಯ ಹಾಡುವಾಗ ಸಾಮಾನ್ಯವಾಗಿ ಉಗ್ಗಲ್ಲ, ಒಬ್ಬನ್ನೇ ನಿಲ್ಸಿ ಓದಿಸೋ ಬದಲು ಪಕ್ಕದೋನ ಜೊತೆ ಓದ್ಸಿ.

ಈ ಪ್ರಶ್ನೆ ಕೇಳಿದೋರೇ ಕೊನೇಲಿ ಇನ್ನೊಂದೂ ಕೇಳಿದ್ರು, ದೊಡ್ಡ ಮಗಳು ಸೆಕೆಂಡ್ ಪಿಯುಸಿ ಸೈನ್ಸ್, ತಮ್ಮನ್ನ ನೋಡಿ ಇದನ್ನೇ ಓದ್ತೀನಿ ಅಂತಾಳೆ, ಓದಿಸ್ಲಾ ಅಂತ. ಓದಿಸಿ ಅಮ್ಮ, ಖಂಡಿತ ಓದಿಸಿ, ಆದ್ರೆ ಲೆಕ್ಕ ಗೊತ್ತಿರ್ಲಿ. ಕೋರ್ಸಿನ ಹೆಸರು ಬಿಎಎಸ್‌ಎಲ್‌ಪಿ, ಒಟ್ಟು ನಾಲ್ಕು ವರ್ಷ, ಕೊನೇ ಒಂದು ವರ್ಷ ಇಂಟರ್ನ್‌ಶಿಪ್. ಕಿವಿ ಪರೀಕ್ಷೆ, ಮಾತಿನ ಥೆರಪಿ ಎರಡೂ ಕಲಿಸ್ತಾರೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಎಂಟ್ರೆನ್ಸ್ ಬರೀಬೇಕು, ಬೆಂಗಳೂರಲ್ಲೂ ಕಾಲೇಜುಗಳಿವೆ. ಸ್ಪೀಚ್‌ನಲ್ಲೇ ಮುಂದೆ ಹೋಗ್ತೀನಂದ್ರೆ ಎರಡು ವರ್ಷದ ಎಂಎಸ್ಸಿ. ನಾಲ್ಕು ವರ್ಷ ಓದಿಸೋಕಾಗಲ್ಲ ಅಂದ್ರೆ ಡಿಎಚ್‌ಎಲ್‌ಎಸ್ ಅಂತ ಒಂದು ವರ್ಷದ ಡಿಪ್ಲೊಮಾ ಇದೆ, ಥೆರಪಿಸ್ಟ್ ಕೈಕೆಳಗೆ ಸಹಾಯಕರಾಗಿ ಕೆಲಸ ಮಾಡೋಕೆ. ಸ್ಕೂಲಲ್ಲೇ ಇರ್ಬೇಕು ಅನ್ನೋ ಆಸೆ ಇದ್ರೆ ಡಿಗ್ರಿ ಆದ್ಮೇಲೆ ಎರಡು ವರ್ಷದ ಸ್ಪೆಷಲ್ ಬಿಎಡ್ ಬೇರೇ ದಾರಿ.

ಅಮೆರಿಕದಲ್ಲಿ ಸರ್ಕಾರಿ ಸ್ಕೂಲೇ ಸ್ಪೀಚ್ ಥೆರಪಿಸ್ಟ್‌ನ ಕೆಲಸಕ್ಕೆ ಇಟ್ಕೊಳ್ಳುತ್ತೆ, 1975ರಲ್ಲೇ ಅವ್ರಿಗೆ ಅದಕ್ಕೆ ಕಾಯಿದೆ ಬಂತು, ಯೂಟ್ಯೂಬಲ್ಲಿ ಅದನ್ನ ನೋಡಿ ಇಲ್ಲೂ ಹಂಗೇ ಅಂದ್ಕೊಂಡು ಸೇರ್ಬೇಡಿ. ನಮ್ಮಲ್ಲಿ ಥೆರಪಿಸ್ಟ್ ಕೆಲಸ ಡಿಇಐಸಿಲಿ, ಮೆಡಿಕಲ್ ಕಾಲೇಜಿನ ಇಎನ್‌ಟಿ ವಿಭಾಗದಲ್ಲಿ, ಕಿವಿ ಕೇಳಿಸದ ಮಕ್ಕಳ ಶಾಲೆಗಳಲ್ಲಿ, ಪ್ರೈವೇಟ್ ಕ್ಲಿನಿಕ್‌ಗಳಲ್ಲಿ, ಡಿಇಐಸಿದು ಗುತ್ತಿಗೆ. ಸ್ಪೆಷಲ್ ಟೀಚರ್‌ಗಳ ವಿಷ್ಯದಲ್ಲಿ ಮಾತ್ರ ಸುಪ್ರೀಂ ಕೋರ್ಟ್ 2021ರಲ್ಲಿ ಪ್ರೈಮರಿಲಿ ವಿಶೇಷ ಅಗತ್ಯದ ಹತ್ತು ಮಕ್ಕಳಿಗೆ ಒಬ್ಬರು, ಮೇಲಿನ ಕ್ಲಾಸಲ್ಲಿ ಹದಿನೈದಕ್ಕೆ ಒಬ್ಬರು ಇರಬೇಕು ಅಂದಿದೆ. ಅದು ನಮ್ಮ ಹಳ್ಳಿ ಸ್ಕೂಲಿನ ಬಾಗಿಲಿಗೆ ಬಂದಿಲ್ಲ, ಬರ್ಲೇಬೇಕು. ತೆಲುಗೂ ಕನ್ನಡವೂ ಎರಡೂ ಬರೋ, ಹುಳದ ಮನೆ ಕಷ್ಟ ಗೊತ್ತಿರೋ ನಮ್ಮೂರ ಹುಡುಗಿ ಥೆರಪಿಸ್ಟ್ ಆದ್ರೆ ನಮ್ಮ ಅಜ್ಜಿಯರ ಜೊತೆ ಕೂತು ಮಾತಾಡೋಕೆ ಬೇರೆ ಯಾರೂ ಬೇಕಾಗಲ್ಲ. ಯಾವ ಕಾಲೇಜೇ ಆಗ್ಲಿ, ಫೀಸ್ ಕಟ್ಟೋ ಮುಂಚೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಆ ವರ್ಷಕ್ಕೂ ಇದೆಯಾ ಅಂತ ಪರಿಷತ್ತಿನ ಪಟ್ಟಿಲೇ ನೋಡಿ, ಓದು ಮುಗಿದ ಮೇಲೆ ಅಲ್ಲಿ ರಿಜಿಸ್ಟರ್ ಆಗದೇ ಕೆಲಸ ಮಾಡೋ ಹಂಗಿಲ್ಲ.

ಮಗನ್ನ ಕರ್ಕೊಂಡು ಹೋಗುವಾಗ ಆಧಾರ್ ಜೊತೆ ತಾಯಿ ಕಾರ್ಡೂ ಇಟ್ಕೊಳ್ಳಿ. ಹುಟ್ಟಿದಾಗ ತೂಕ ಎಷ್ಟಿತ್ತು, ಕಾಮಾಲೆ ಜಾಸ್ತಿ ಆಗಿತ್ತಾ, ಗಾಜಿನ ಪೆಟ್ಟಿಗೇಲಿ ಇಟ್ಟಿದ್ರಾ ಅಂತ ಕೇಳ್ತಾರೆ, ಅದಕ್ಕೂ ಕಿವಿಗೂ ಸಂಬಂಧ ಇದೆ. ಮನೇಲಿ ಅವನು ಮಾತಾಡೋದನ್ನ ಎರಡು ನಿಮಿಷ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ತೆಲುಗಲ್ಲೋ ಕನ್ನಡದಲ್ಲೋ ಯಾವುದಾದ್ರೂ ಸರಿ, ಯಾಕಂದ್ರೆ ಆಸ್ಪತ್ರೇಲಿ ಹೊಸಬರ ಮುಂದೆ ಮಕ್ಕಳು ಬಾಯೇ ಬಿಡಲ್ಲ.