ಸಾಮಾನು ಇತ್ತು, ಕೈ ಇರಲಿಲ್ಲ

ಹೊಳೆ ಉಕ್ಕಿದ ಸುದ್ದಿ ಟಿವಿಯಲ್ಲಿ ಬಂತು ಅಂದರೆ ನನ್ನ ಫೋನಿಗೆ ಬಿಡುವಿಲ್ಲ. ನೆಂಟರು, ಹಳೇ ಗೆಳತಿಯರು, ಅಕ್ಕಪಕ್ಕದವರು ಎಲ್ಲರದೂ ಒಂದೇ ಪ್ರಶ್ನೆ: "ಏನು ಕಳಿಸಲಿ? ಮನೇಲಿ ಬಟ್ಟೆ ಜಾಸ್ತಿ ಇದೆ." ಪರಿಹಾರ ಶಿಬಿರಗಳಲ್ಲಿ ನೀರು, ಶೌಚಾಲಯದ ವ್ಯವಸ್ಥೆ ನೋಡಿಕೊಳ್ಳುವುದು ನನ್ನ ಕೆಲಸ. ಕೇಳುವವರ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೂ "ಬಟ್ಟೆ ಬೇಡ" ಅಂತಲೇ ಹೇಳುತ್ತೇನೆ. ಯಾಕೆ ಅಂತ ಬಿಡಿಸಿ ಹೇಳಬೇಕಾದರೆ 1859ರ ಇಟಲಿಯಿಂದ ಶುರು ಮಾಡಬೇಕು.

ಆ ವರ್ಷ ಜೂನ್ 24ರಂದು ಉತ್ತರ ಇಟಲಿಯ ಸೊಲ್ಫೆರಿನೊ ಹತ್ತಿರ ದೊಡ್ಡ ಯುದ್ಧ ನಡೆಯಿತು. ಒಂದು ಕಡೆ ಫ್ರಾನ್ಸ್ ಮತ್ತು ಸಾರ್ಡೀನಿಯಾ, ಇನ್ನೊಂದು ಕಡೆ ಆಸ್ಟ್ರಿಯಾ. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 40,000 ಮಂದಿ. ಗಾಯಾಳುಗಳನ್ನು ಸಾವಿರಗಟ್ಟಲೆ ಪಕ್ಕದ ಕಸ್ಟಿಲ್ಯೋನೆ ಊರಿಗೆ ತಂದರು. ಚರ್ಚು, ಮನೆ, ಬೀದಿ ಎಲ್ಲ ತುಂಬಿಹೋಯಿತು.

ವ್ಯಾಪಾರದ ಕೆಲಸಕ್ಕೆ ಅಂತ ಬಂದಿದ್ದ ಜಿನೀವಾದ ಹೆನ್ರಿ ಡ್ಯೂನಾಂಟ್ ಅಲ್ಲೇ ನಿಂತುಬಿಟ್ಟ. ಆಗ ಅವನಿಗೆ 31 ವರ್ಷ. ಅವನು ಮುಂದೆ ಬರೆದ ಒಂದು ಮಾತನ್ನು ನಾನು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಹೇಳುತ್ತೇನೆ. ಊರಲ್ಲಿ ನೀರಿತ್ತು, ಊಟವಿತ್ತು, ಆದರೂ ಗಾಯಾಳುಗಳು ಹಸಿವು ಬಾಯಾರಿಕೆಯಿಂದ ಸಾಯುತ್ತಿದ್ದರು. ಗಾಯಕ್ಕೆ ಕಟ್ಟುವ ಬಟ್ಟೆ ಬೇಕಾದಷ್ಟಿತ್ತು, ಕಟ್ಟುವ ಕೈ ಸಾಲುತ್ತಿರಲಿಲ್ಲ.

ಡ್ಯೂನಾಂಟ್ ಆ ಕೈಗಳನ್ನು ಹುಡುಕಿದ. ಊರಿನ ಹೆಂಗಸರನ್ನು ಸೇರಿಸಿದ. ಹುಡುಗರು ಬಕೆಟ್ಟು, ಗಿಡಕ್ಕೆ ನೀರು ಹಾಕುವ ಡಬ್ಬ, ಸಿಕ್ಕಿದ್ದರಲ್ಲೆಲ್ಲ ನೀರು ತುಂಬಿಕೊಂಡು ಚರ್ಚಿಗೆ ಓಡಾಡಿದರು. ಅವನ ಗಾಡಿಯವನು ಬ್ರೆಶಿಯಾ ಪಟ್ಟಣಕ್ಕೆ ಹೋಗಿ ಕಿತ್ತಳೆ, ನಿಂಬೆ, ಸಕ್ಕರೆ, ಅಂಗಿ, ತಂಬಾಕು ತಂದ. ಬಿದ್ದವನು ಯಾವ ಸೈನ್ಯದವನು ಅಂತ ಹೆಂಗಸರು ಕೇಳಲಿಲ್ಲ. "ಎಲ್ಲರೂ ಅಣ್ಣತಮ್ಮಂದಿರೇ" ಅಂದರು. ಆದರೆ ಕೆಲವೇ ದಿನಗಳಲ್ಲಿ ಅವರೂ ಸೋತರು. ಒಬ್ಬೊಬ್ಬರಾಗಿ ಬರುವವರು ಕಡಿಮೆಯಾದರು.

1862ರಲ್ಲಿ ಡ್ಯೂನಾಂಟ್ ಕಂಡದ್ದನ್ನೆಲ್ಲ ಬರೆದು, ಸ್ವಂತ ಖರ್ಚಿನಲ್ಲಿ 1,600 ಪ್ರತಿ ಅಚ್ಚು ಹಾಕಿಸಿದ. ಅದರಲ್ಲಿ ಅವನು ಕೇಳಿದ ಒಂದು ಮುಖ್ಯ ಪ್ರಶ್ನೆ: ಯುದ್ಧ ಇಲ್ಲದ ದಿನಗಳಲ್ಲೇ ಸ್ವಯಂಸೇವಕರನ್ನು ತಯಾರು ಮಾಡಿ ಇಟ್ಟುಕೊಳ್ಳೋಕೆ ಆಗಲ್ವಾ? ಮರುವರ್ಷ ಜಿನೀವಾದಲ್ಲಿ ಐವರ ಸಮಿತಿ ಆಯಿತು. 1864ರಲ್ಲಿ, ಯುದ್ಧದಲ್ಲಿ ಗಾಯಗೊಂಡ ಸೈನಿಕರನ್ನು ಕಾಪಾಡುವ ಮೊದಲ ಜಿನೀವಾ ಒಪ್ಪಂದಕ್ಕೆ ಸಹಿ ಬಿತ್ತು. ರೆಡ್ ಕ್ರಾಸ್ ಹುಟ್ಟಿದ್ದು ಹೀಗೆ. ನನಗೆ ಡ್ಯೂನಾಂಟನ ಕರುಣೆಗಿಂತ ಈ ಪ್ರಶ್ನೆಯೇ ದೊಡ್ಡದಾಗಿ ಕಾಣುತ್ತದೆ. ಕರುಣೆ ಕಸ್ಟಿಲ್ಯೋನೆಯ ಹೆಂಗಸರಲ್ಲೂ ಇತ್ತಲ್ವಾ?

ಈ ಕ್ಷೇತ್ರದ ನಿಯಮಗಳೆಲ್ಲ ಹೆಚ್ಚುಕಮ್ಮಿ ಹೀಗೇ, ಜನ ಸತ್ತ ಮೇಲೆ ಬರೆದವು. ನಮ್ಮಲ್ಲಿ 1876–78ರ ಧಾತು-ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನದ ಸುಮಾರು ಐದರಲ್ಲಿ ಒಂದು ಪಾಲು ಜನ ಹೋದರು. ಬರ ಬಂದಾಗ ಸರ್ಕಾರ ಏನೇನು ಮಾಡಬೇಕು ಅನ್ನುವ ಸಂಹಿತೆ ಬಂದದ್ದು ಅದಾದ ಮೇಲೆ. 1994ರಲ್ಲಿ ರುವಾಂಡಾದಿಂದ ಲಕ್ಷಾಂತರ ಜನ ಗಡಿ ದಾಟಿ ಪಕ್ಕದ ಜಾಯೀರ್ (ಇಂದಿನ ಕಾಂಗೋ) ದೇಶದ ಗೋಮಾ ಊರಿಗೆ ಬಂದಾಗ, ನೆಲವೆಲ್ಲ ಜ್ವಾಲಾಮುಖಿಯ ಗಟ್ಟಿ ಕಲ್ಲು. ಶೌಚಾಲಯದ ಗುಂಡಿ ತೋಡೋಕೆ ಆಗಲಿಲ್ಲ. ಕುಡಿಯಲು ಒಳ್ಳೆ ನೀರಿಲ್ಲ. ಕಾಲರಾ, ರಕ್ತಭೇದಿಗೆ ಮೊದಲ ತಿಂಗಳಲ್ಲೇ ಸುಮಾರು 50,000 ಜನ ಸತ್ತರು. ನೂರಾರು ಸಂಸ್ಥೆಗಳು ಅಲ್ಲಿಗೆ ಧಾವಿಸಿದ್ದವು, ಒಬ್ಬೊಬ್ಬರದು ಒಂದೊಂದು ರೀತಿಯ ಕೆಲಸ. ಆ ಸಾವುಗಳು ಕಲಿಸಿದ ಪಾಠದಿಂದ 1997ರಲ್ಲಿ 'ಸ್ಫಿಯರ್' ಅನ್ನುವ, ಪರಿಹಾರದ ಕೆಲಸದಲ್ಲಿ ಕನಿಷ್ಠ ಏನೇನು ಇರಬೇಕು ಅನ್ನುವ ಮಾನದಂಡಗಳ ಕೆಲಸ ಶುರುವಾಯಿತು. ಇವತ್ತಿಗೂ ನನ್ನ ಚೀಲದಲ್ಲಿ ಇರುವುದು ಅದೇ ಲೆಕ್ಕ.

2019ರ ಆಗಸ್ಟ್‌ನಲ್ಲಿ ಬೆಳಗಾವಿ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ಆ ಲೆಕ್ಕ ಹಾಕಿದೆ. ಅಲ್ಲಿ ಸುಮಾರು 600 ಜನ ಇದ್ದರು. ತಲೆಗೆ ದಿನಕ್ಕೆ 15 ಲೀಟರ್ ಅಂದರೆ 9,000 ಲೀಟರ್ ನೀರು. 250 ಜನಕ್ಕೆ ಒಂದು ನಲ್ಲಿ ಅಂದರೆ ಮೂರು ನಲ್ಲಿ. ಮೊದಮೊದಲು 50 ಜನಕ್ಕೆ ಒಂದು ಶೌಚಾಲಯ ಸಾಕು ಅನ್ನುತ್ತದೆ ಲೆಕ್ಕ, ಆಮೇಲೆ 20ಕ್ಕೆ ಒಂದಾಗಬೇಕು. ಹಾಗಾದರೆ ಕಡಿಮೆ ಅಂದರೂ 12 ಬೇಕು. ಶಾಲೆಯಲ್ಲಿ ಇದ್ದದ್ದು ನಾಲ್ಕು.

ಒಂದು ಕೊಠಡಿಯ ತುಂಬ ಬಟ್ಟೆಯ ಗುಡ್ಡೆ ಇತ್ತು. ಜರಿ ಸೀರೆ, ಸೂಟು, ಮಕ್ಕಳ ಹರಿದ ಸ್ವೆಟರ್. ಒಳಉಡುಪು ಒಂದೂ ಇಲ್ಲ, ಪ್ಯಾಡ್ ಇಲ್ಲ. ಮಳೆಯಲ್ಲಿ ನೆನೆದ ಮೂಟೆಗಳು ಆಗಲೇ ವಾಸನೆ ಬರುತ್ತಿದ್ದವು. ಅದನ್ನು ವಿಂಗಡಿಸೋಕೆ ನಾಲ್ಕು ಜನ ಹುಡುಗರು ಎರಡು ದಿನ ಕೂತರು. ಆ ನಾಲ್ವರೇ ಶೌಚಾಲಯದ ಗುಂಡಿ ತೋಡಬೇಕಾಗಿತ್ತು. ಆ ಕೊಠಡಿಯಲ್ಲೇ ಮೂವತ್ತು ಜನ ಮಲಗಬಹುದಿತ್ತು.

ಟ್ಯಾಂಕರ್ ನೀರಿಗೆ ಕ್ಲೋರಿನ್ ಹಾಕಿ ಪರೀಕ್ಷೆ ಮಾಡುತ್ತಿದ್ದೆ. ಸಣ್ಣ ನಳಿಕೆಗೆ ನೀರು ತುಂಬಿ, ಒಂದು ಮಾತ್ರೆ ಹಾಕಿ ಅಲ್ಲಾಡಿಸಿದರೆ ತಿಳಿ ಗುಲಾಬಿ ಬಣ್ಣ ಬರಬೇಕು. ಬಂತು. ನೀರೇನೋ ಚೆನ್ನಾಗಿದೆ. ಆದರೆ ಸಂಜೆಯಾದರೂ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿದಿಲ್ಲ. ಜನ ನೀರೇ ಕುಡಿಯುತ್ತಿಲ್ಲವಾ ಅಂತ ಯೋಚನೆಯಾಯಿತು. ಜಗಲಿಯ ಮೇಲೆ ಕೂತಿದ್ದ ಒಬ್ಬ ಅಜ್ಜಿಯನ್ನು ಕೇಳಿದೆ.

"ನೀರೇನೂ ಚಲೋನ ಅದಾವ ಯವ್ವಾ," ಅಂದರು. "ಆದ್ರ ಕತ್ತಲಾದ ಮ್ಯಾಲ ಪಾಯಖಾನಿಗೆ ಹೋಗಾಕ ಹೆದರಿಕಿ ಆಗ್ತೈತಿ. ಅದಕ್ಕ ಮಧ್ಯಾಹ್ನದ ಮ್ಯಾಲ ಹೆಣ್ಮಕ್ಕಳು ನೀರು ಕುಡಿಯೂದ ಬಿಟ್ಟಾರ. ಒಂದ್ ಲೈಟ್ ಹಾಕಿಸ್ರಿ."

ನನ್ನ ಯಾವ ಲೆಕ್ಕದಲ್ಲೂ ಆ ದಿನ ಲೈಟ್ ಇರಲಿಲ್ಲ. ಮಾನದಂಡದಲ್ಲಿ ಅದೂ ಬರೆದಿದೆ, ನಾನೇ ಆಮೇಲೆ ನೋಡಿದರಾಯಿತು ಅಂತ ಬಿಟ್ಟಿದ್ದೆ. ಶಾಲೆಯ ಹೆಡ್ ಮಾಸ್ತರು ಒಂದು ವೈರು ಎಳೆಸಿಕೊಟ್ಟರು. ಎರಡು ಬಲ್ಬು ಉರಿದವು. ಮರುದಿನ ರಾತ್ರಿ ಟ್ಯಾಂಕ್ ಖಾಲಿಯಾಯಿತು.

ಹಾಗಾಗಿ ಫೋನ್ ಮಾಡುವವರಿಗೆ ನಾನು ಹೇಳುವುದು: ಪರಿಹಾರ ಶಿಬಿರದಲ್ಲಿ ಆಗಲೇ ಕೆಲಸ ಮಾಡುತ್ತಿರುವವರನ್ನು ಏನು ಬೇಕು ಅಂತ ಕೇಳಿ, ಅದನ್ನಷ್ಟೇ ಕಳಿಸಿ. ದುಡ್ಡು ಕಳಿಸಿದರೆ ಇನ್ನೂ ಒಳ್ಳೆಯದು. ಹತ್ತಿರದ ಪೇಟೆಯಲ್ಲೇ ಸಾಮಾನು ಕೊಂಡರೆ ಅಲ್ಲಿನ ಅಂಗಡಿಯವನೂ ಬದುಕುತ್ತಾನೆ, ಅವನ ಅಂಗಡಿಗೂ ನೀರು ನುಗ್ಗಿರುತ್ತದೆ. ಕೈಯಲ್ಲಿ ಸಮಯ ಇರುವವರು ಮಳೆಗಾಲಕ್ಕೆ ಮೊದಲೇ ಪ್ರಥಮ ಚಿಕಿತ್ಸೆ ಕಲಿಯಿರಿ.

ನಮ್ಮ ಕೆಲಸದ ಮುಖ್ಯ ತಿಂಗಳುಗಳು ಫೆಬ್ರವರಿ, ಮಾರ್ಚ್. ಹೊಳೆ ಬತ್ತಿರುತ್ತದೆ, ಯಾರಿಗೂ ನೆರೆಯ ನೆನಪಿರಲ್ಲ. ಆಗ ಹೊಳೆದಂಡೆಯ ಊರುಗಳ ಶಾಲೆಗಳಿಗೆ ಹೋಗಿ ಒಂದೊಂದನ್ನೂ ನೋಡಿ ಬರೆದುಕೊಳ್ಳುತ್ತೇನೆ. ಹೋದ ಸಲ ಬರೆದ ಒಂದು ಪುಟ ಹೀಗಿದೆ: ಜಾಗ ಎತ್ತರದಲ್ಲಿದೆ. ಬೋರ್‌ವೆಲ್ ಇದೆ. ಕೊಠಡಿ ಎಂಟು. ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ. ಬರುವಾಗ ಊರಿನ ಬಡಿಗರಿಗೆ ಚಿಲಕದ ದುಡ್ಡು ಕೊಟ್ಟು ಬಂದೆ.